‘ಸತ್ತರು’, ‘ಕೊಂದರು’: ನಡುವೆ ಅಡಗಿ ಕೂತವರು ಯಾರು?

ಮೊದಲು ಎರಡು ಲೆಕ್ಕ ನೋಡಿ: 125ಕ್ಕೆ 2. 60ಕ್ಕೆ 1.

2023ರ ಅಕ್ಟೋಬರ್ 7ರಿಂದ ನವೆಂಬರ್ 24ರವರೆಗೆ ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಮತ್ತು ಲಾಸ್ ಏಂಜಲೀಸ್ ಟೈಮ್ಸ್ ಗಾಜಾ ಯುದ್ಧದ ಬಗ್ಗೆ ಬರೆದಿದ್ದನ್ನೆಲ್ಲ ‘ದಿ ಇಂಟರ್‌ಸೆಪ್ಟ್’ ಜಾಲತಾಣ ಕೂತು ಎಣಿಸಿತು. ಆ ಪತ್ರಿಕೆಗಳ ವರದಿಗಾರರು, ಸಂಪಾದಕರು ‘ಮ್ಯಾಸಕರ್’ ಎಂಬ ಪದವನ್ನು ಇಸ್ರೇಲಿಗರ ಹತ್ಯೆಗೆ 125 ಸಲ ಬಳಸಿದ್ದರು, ಪ್ಯಾಲೆಸ್ತೀನಿಯರ ಹತ್ಯೆಗೆ 2 ಸಲ. ‘ಸ್ಲಾಟರ್’ ಪದದ ಲೆಕ್ಕ 60ಕ್ಕೆ 1. ಅಕ್ಟೋಬರ್ 7ರ ದಾಳಿಯಲ್ಲಿ ಹಮಾಸ್ ಮತ್ತು ಅದರ ಜೊತೆಗಿದ್ದ ಗುಂಪುಗಳು ಸುಮಾರು 1,200 ಜನರನ್ನು ಕೊಂದವು. ನವೆಂಬರ್ 24ರ ಹೊತ್ತಿಗೆ ಇಸ್ರೇಲ್ ದಾಳಿ ಗಾಜಾದಲ್ಲಿ 14 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತ್ತು ಎಂದು ಅಲ್ಲಿನ ಅಧಿಕಾರಿಗಳು ಲೆಕ್ಕ ಕೊಟ್ಟಿದ್ದರು.

ಅಕ್ಟೋಬರ್ 7ರ ದಾಳಿಯನ್ನು ಮ್ಯಾಸಕರ್ ಅಂದಿದ್ದರಲ್ಲಿ ತಪ್ಪಿಲ್ಲ. ಅದು ಮ್ಯಾಸಕರೇ. ಆದರೆ ಆ ಪದ ಗಡಿ ದಾಟಿ ಆ ಕಡೆಯ ಹೆಣಗಳವರೆಗೆ ಯಾಕೆ ಹೋಗಲಿಲ್ಲ ಅನ್ನೋದೇ ಪ್ರಶ್ನೆ.

ಇವು ಸಮಾನಾರ್ಥಕ ಪದಗಳಲ್ಲ

ಕೊಲ್ಲುವುದಕ್ಕೆ ಇಂಗ್ಲಿಷ್‌ನಲ್ಲಿ ಪದಗಳ ಸಾಲೇ ಇದೆ. ನಿಘಂಟು ಇವನ್ನೆಲ್ಲ ಅಕ್ಕಪಕ್ಕ ಕೂರಿಸುತ್ತದೆ, ಆದರೆ ಒಂದೊಂದಕ್ಕೂ ಇನ್‌ಪುಟ್ ಬೇರೆ, ಔಟ್‌ಪುಟ್ ಬೇರೆ. ‘ಕಿಲ್ಲಿಂಗ್’ ಅಂದರೆ ಯಾರೋ ಯಾರನ್ನೋ ಕೊಂದರು, ಅಷ್ಟೇ. ‘ಮರ್ಡರ್’ ಅಂದರೆ ಅದು ಅಪರಾಧ, ಅದರ ಹಿಂದೆ ಉದ್ದೇಶ ಇತ್ತು ಅಂತ. ‘ಅಸಾಸಿನೇಷನ್’ ಅಂದಾಗ ಸತ್ತವರು ಹೆಸರಾಂತರು, ಕಾರಣ ಬಹುತೇಕ ರಾಜಕೀಯ. ‘ಸ್ಲಾಟರ್’ ಕಸಾಯಿಖಾನೆಯ ಪದ, ಸತ್ತವರನ್ನು ಮನುಷ್ಯರೆಂದೇ ಲೆಕ್ಕಿಸದ ಕ್ರೌರ್ಯ ಅದರಲ್ಲಿದೆ. ‘ಮ್ಯಾಸಕರ್’ ಅಂದರೆ ಕೊಂದವರ ಕೈಯಲ್ಲಿ ಆಯುಧ, ಸತ್ತವರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ‘ಕ್ಲ್ಯಾಶ್’ ಎಂದು ಬರೆದುಬಿಟ್ಟರೆ ಎರಡೂ ಕಡೆಗೆ ಸಮಪಾಲು.

ನಮ್ಮಲ್ಲೂ ಇಂಥ ಛಾಯೆಗಳಿಗೆ ಬರವಿಲ್ಲ. ಬೀದಿಯಲ್ಲಿ ಆದರೆ ‘ಕೊಲೆ’, ದೊಡ್ಡವರದ್ದಾದರೆ ‘ಹತ್ಯೆ’. ‘ವಧೆ’ ಆಗೋದು ರಾಕ್ಷಸರದ್ದು. ಗಾಂಧಿ ಹತ್ಯೆಯನ್ನು ‘ಗಾಂಧಿ ವಧೆ’ ಅನ್ನುವವರು ಯಾರಿಗೆ ಯಾವ ಪಾತ್ರ ಕೊಟ್ಟಿದ್ದಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ಪದಕ್ಕೆ ಹೆದರಿದ ಸರ್ಕಾರ

ಈ ಸಾಲಿನಲ್ಲಿ ಅತಿ ಭಾರದ ಪದ ‘ಜಿನೊಸೈಡ್’. ಅದರ ವಯಸ್ಸು ನೂರು ವರ್ಷವೂ ಆಗಿಲ್ಲ. ಪೋಲೆಂಡಿನ ಯಹೂದಿ ವಕೀಲ ರಫೇಲ್ ಲೆಮ್ಕಿನ್ 1944ರ ತನ್ನ ಪುಸ್ತಕದಲ್ಲಿ ಇದನ್ನು ಹುಟ್ಟುಹಾಕಿದ. ನಾಲ್ಕೇ ವರ್ಷದಲ್ಲಿ, 1948ರ ಡಿಸೆಂಬರ್ 9ರಂದು, ವಿಶ್ವಸಂಸ್ಥೆ ಈ ಪದದ ಮೇಲೆ ಒಂದು ಒಪ್ಪಂದವನ್ನೇ ಅಂಗೀಕರಿಸಿತು. ಅದಕ್ಕೆ ಸಹಿ ಹಾಕಿ ಒಪ್ಪಿದ ದೇಶಗಳಿಗೆ ಜಿನೊಸೈಡ್ ತಡೆಯುವ, ಮಾಡಿದವರನ್ನು ಶಿಕ್ಷಿಸುವ ಹೊಣೆ ಇದೆ. ಅಂದರೆ ಆ ಪದವನ್ನು ಬಾಯಿಬಿಟ್ಟು ಹೇಳಿದ ಸರ್ಕಾರ ಆಮೇಲೆ ಸುಮ್ಮನೆ ಕೂರೋದು ಕಷ್ಟ.

ಈ ಕಷ್ಟ ಏನೆಂದು 1994ರಲ್ಲಿ ಜಗತ್ತು ನೋಡಿತು. ರುವಾಂಡಾದಲ್ಲಿ ಹುಟು ಉಗ್ರವಾದಿಗಳು ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರನ್ನು ಕೊಂದರು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಕೊಲೆಗಳು ನಡೆಯುತ್ತಿದ್ದಾಗಲೇ ಅಮೆರಿಕದ ಅಧಿಕಾರಿಗಳ ನಡುವೆ ಓಡಾಡಿದ, ಆಮೇಲೆ ಬಹಿರಂಗವಾದ ಒಂದು ಟಿಪ್ಪಣಿಯ ಸಾರ ಇಷ್ಟು: ಹುಷಾರು, ಇದನ್ನು ಜಿನೊಸೈಡ್ ಅಂದರೆ ನಾವು ನಿಜಕ್ಕೂ ‘ಏನಾದರೂ ಮಾಡಬೇಕಾಗಬಹುದು’. ಜೂನ್‌ನಲ್ಲಿ ವಿದೇಶಾಂಗ ಇಲಾಖೆಯ ವಕ್ತಾರೆ ‘ಜಿನೊಸೈಡ್ ಕೃತ್ಯಗಳು’ ನಡೆದಿವೆ ಎಂದರೇ ಹೊರತು ‘ಜಿನೊಸೈಡ್’ ನಡೆದಿದೆ ಎನ್ನಲಿಲ್ಲ. ಹಾಗಾದರೆ ಅಂಥ ಎಷ್ಟು ಕೃತ್ಯ ಸೇರಿದರೆ ಒಂದು ಜಿನೊಸೈಡ್ ಆಗುತ್ತದೆ ಅಂತ ಒಬ್ಬ ಪತ್ರಕರ್ತ ಕೇಳಿದ. ಅದಕ್ಕೆ ನೇರ ಉತ್ತರ ಬರಲಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಜಿನೊಸೈಡ್ ಸಾಬೀತಾಗಲು ಹೆಣಗಳ ಸಂಖ್ಯೆ ಸಾಲದು. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಗುಂಪಾಗಿಯೇ ನಾಶ ಮಾಡುವ ಉದ್ದೇಶ ಇತ್ತೆಂದು ತೋರಿಸಬೇಕು. ಗಾಜಾ ವಿಷಯದಲ್ಲಿ ದಕ್ಷಿಣ ಆಫ್ರಿಕಾ ಹೂಡಿದ ಮೊಕದ್ದಮೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು, ಅಂತಿಮ ತೀರ್ಪು ಕೊಟ್ಟಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದು ಜಿನೊಸೈಡ್ ಎಂಬ ತೀರ್ಮಾನಕ್ಕೆ ಬಂತು, ಇಸ್ರೇಲ್ ಅದನ್ನು ತಳ್ಳಿಹಾಕಿತು. ಕನ್ನಡದಲ್ಲಿ ನಾವು ಮ್ಯಾಸಕರ್‌ಗೂ ‘ನರಮೇಧ’, ಜಿನೊಸೈಡ್‌ಗೂ ‘ನರಮೇಧ’ ಅಂತ ಬರೆದರೆ ಈ ಇಡೀ ಜಗಳ ಯಾತಕ್ಕೆ ಅನ್ನೋದೇ ಓದುಗರಿಗೆ ತಿಳಿಯಲ್ಲ. ಸಿಟ್ಟಿನಲ್ಲಿ ಪ್ರತಿ ಹತ್ಯಾಕಾಂಡಕ್ಕೂ ಜಿನೊಸೈಡ್ ಅಂದರೆ ಪದ ಸವೆಯುತ್ತದೆ, ನಿಜವಾಗಿ ಬೇಕಾದ ದಿನ ಅದಕ್ಕೆ ಮೊನೆಯೇ ಇರಲ್ಲ.

ಎನ್‌ಕೌಂಟರ್ ಎಂಬ ನಮ್ಮ ಕೊಡುಗೆ

ಈ ಸಾಲಿಗೆ ಭಾರತವೂ ಒಂದು ಪದ ಸೇರಿಸಿದೆ. ಇಂಗ್ಲಿಷಿನಲ್ಲಿ ‘ಎನ್‌ಕೌಂಟರ್’ ಅಂದರೆ ಅನಿರೀಕ್ಷಿತವಾಗಿ ಎದುರಾಗೋದು. ನಮ್ಮಲ್ಲಿ ಅದು ಕ್ರಿಯಾಪದವೇ ಆಗಿದೆ: ‘ಎನ್‌ಕೌಂಟರ್ ಮಾಡಿ ಬಿಸಾಕ್ಬೇಕು.’ ಎದುರಾದದ್ದನ್ನು ‘ಮಾಡೋಕೆ’ ಆಗಲ್ಲ ಅನ್ನೋದು ಹೇಳುವವರಿಗೂ ಗೊತ್ತು.

2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ-ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂ ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಆರೋಪಿಗಳನ್ನು ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, 10 ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಎಂದು ಅದು ಹೇಳಿತು. ಎರಡೂವರೆ ವರ್ಷ ‘ಎನ್‌ಕೌಂಟರ್’ ಆಗಿದ್ದದ್ದಕ್ಕೆ ಆಯೋಗ ಇಟ್ಟ ಹೆಸರು ಕೊಲೆ.

‘ಗೋಲಿಬಾರ್’ ಕೂಡ ಇದೇ ಜಾತಿಯದ್ದು. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಮ್ಮ ನೆನಪಿನಲ್ಲಿ ಉಳಿದಿರೋದು ‘ಹಾವೇರಿ ಗೋಲಿಬಾರ್’. ‘ಗೋಲಿಬಾರ್‌ಗೆ ಬಲಿ’ ಅಂತ ಬರೆದರೆ ಕೊಂದದ್ದು ಗೋಲಿ. ಟ್ರಿಗರ್ ಮೇಲಿದ್ದ ಬೆರಳು ವಾಕ್ಯದಲ್ಲೇ ಇಲ್ಲ.

ಕನ್ನಡ ತಿದ್ದಿದ ಪದ

ಹಾಗಂತ ನಾವು ಬರೀ ಆಮದು ಮಾಡಿಕೊಳ್ಳುವವರೇನಲ್ಲ. ಜಾತಿ ಮೀರಿ ಪ್ರೀತಿಸಿದ ಮಗಳನ್ನು ಮನೆಯವರೇ ಕೊಂದರೆ ಇಂಗ್ಲಿಷ್ ಈಗಲೂ ‘ಆನರ್ ಕಿಲ್ಲಿಂಗ್’ ಅನ್ನುತ್ತದೆ. ಕೊಂದವರ ಸಮರ್ಥನೆಯೇ ಅಪರಾಧದ ಹೆಸರು! ಕನ್ನಡದಲ್ಲೂ ಮೊದಲು ‘ಮರ್ಯಾದಾ ಹತ್ಯೆ’ ಅಂತಲೇ ಬರುತ್ತಿತ್ತು. ಈಗ ನಮ್ಮ ಹೋರಾಟಗಾರರೂ ಅನೇಕ ಪತ್ರಕರ್ತರೂ ‘ಮರ್ಯಾದೆಗೇಡು ಹತ್ಯೆ’ ಅಂತ ಬರೆಯುತ್ತಾರೆ. ‘ಗೇಡು’ ಎಂಬ ಎರಡೇ ಅಕ್ಷರ ಸೇರಿ ಅವಮಾನ ಹುಡುಗಿಯ ಹೆಗಲಿಂದ ಇಳಿದು ಕೊಂದವರ ಹೆಗಲೇರಿತು.

ಇದು ಆಗುತ್ತೆ ಅಂದಮೇಲೆ ಉಳಿದದ್ದೂ ಆಗಬೇಕು. ಮುಂದಿನ ಸಲ ಒಂದು ಹೆಡ್‌ಲೈನ್ ಶೇರ್ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ವಾಕ್ಯದಲ್ಲಿ ಕೊಂದವರು ಇದ್ದಾರಾ? ಕೊಂದವರು, ಸತ್ತವರು ಅದಲುಬದಲಾಗಿದ್ದರೂ ಇದೇ ಪದ ಇರುತ್ತಿತ್ತಾ? ಎರಡನೆಯದಕ್ಕೆ ‘ಇಲ್ಲ’ ಅಂತ ಬಂದರೆ ಆ ಪದ ಸುದ್ದಿ ಕೊಡುವ ಮೊದಲೇ ತೀರ್ಪು ಕೊಟ್ಟಿದೆ.