ಬೈಕಿನ ಡಬ್ಬಿಯೂ ಓಮನ ನಿಯಮವೂ

"ಅಪ್ಪಾ, ಒಂದು ಸಣ್ಣ ಡಬ್ಬಿ ಹಾಕಿಸಿದರೆ ಬೈಕಿನ ಪಿಕಪ್ ಜಾಸ್ತಿಯಾಗುತ್ತದಂತೆ!" ಕಾಲೇಜಿಗೆ ಹೋಗುವ ಮಗನಿರುವ ಮನೆಗಳಲ್ಲಿ ಈ ಬೇಡಿಕೆ ಈಗ ಅಪರೂಪವೇನಲ್ಲ. ಹಣ ಕೊಡುವ ಮುನ್ನ ತಂದೆಯೂ, ಕೇಳುವ ಮುನ್ನ ಮಗನೂ ಆ ಡಬ್ಬಿ ಮಾಡುವ ಕೆಲಸವೇನೆಂದು ತಿಳಿದಿರುವುದು ಒಳ್ಳೆಯದು.

2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ದೇಶದ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಬಹುಮಟ್ಟಿಗೆ ಮಾಯವಾಯಿತು. ಆ ಜಾಗಕ್ಕೆ ಬಂದ ಇಂಜೆಕ್ಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ಕವಾಟ. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದು ಸಿಲಿಂಡರಿಗೆ ಸೆಕೆಂಡಿಗೆ 50 ಸಲ ಪೆಟ್ರೋಲ್ ಬೇಕು. (ಎರಡು ಸುತ್ತಿಗೊಮ್ಮೆ ಇಂಧನ, ಲೆಕ್ಕ ನೀವೇ ಹಾಕಿ ನೋಡಿ.) ಪ್ರತಿ ಸಲ ಕವಾಟ ತೆರೆದಿರುವುದು ಕೆಲವೇ ಮಿಲಿಸೆಕೆಂಡು. ಎಷ್ಟು ಹೊತ್ತು ಎಂದು ನಿರ್ಧರಿಸುವುದು ಇ.ಸಿ.ಯು. ಎಂಬ ಗಣಕ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ತಿಳಿಸುತ್ತದೆ: ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಕಡಿಮೆಯಾದರೆ 0.1 ವೋಲ್ಟ್.

ಡಬ್ಬಿಗಳಲ್ಲಿ ಒಂದು ಬಗೆ ಇಂಜೆಕ್ಟರಿನ ವೈರಿನಲ್ಲಿ ಕುಳಿತು ಕವಾಟವನ್ನು ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ. ಇನ್ನೊಂದು ಬಗೆ ಸೆನ್ಸರಿನ ವೈರಿನಲ್ಲಿ ಕುಳಿತು "ಪೆಟ್ರೋಲ್ ಸಾಲದು" ಎಂದು ಇ.ಸಿ.ಯು.ಗೆ ಸುಳ್ಳು ಹೇಳುತ್ತದೆ. ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸಿದ ಬೈಕಿಗೆ ಇದರಿಂದ ಪ್ರಯೋಜನವುಂಟು. ಕಂಪನಿಯಿಂದ ಬಂದಂತೆಯೇ ಇರುವ 150 ಸಿ.ಸಿ. ಬೈಕಿನಲ್ಲಿ ಖರ್ಚಿಗೆ ತಕ್ಕ ಲಾಭ ಕಾಣುವುದು ಕಷ್ಟ.

ಹಾಕಿಸಿದ ಮೇಲೆ ಬೈಕು ಮಿಸ್ ಹೊಡೆಯತೊಡಗಿದರೆ ಎಲ್ಲರೂ ಡಬ್ಬಿಯನ್ನೇ ಬೈಯುತ್ತಾರೆ. ಮೊದಲು ನೋಡಬೇಕಾದ್ದು ಜೋಡಣೆಯನ್ನು, ಅದರಲ್ಲೂ ಅರ್ತ್ ವೈರನ್ನು. ಹತ್ತನೆಯ ತರಗತಿಯ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಣ್ಣ ಬಳಿದ ಬೋಲ್ಟಿಗೆ ಸುಮ್ಮನೆ ಸುತ್ತಿದ ಅರ್ತ್ ವೈರಿನಲ್ಲಿ 1 ಓಮ್ ರೋಧವಿದೆ ಎನ್ನಿ. 0.2 ಆಂಪಿಯರ್ ಹರಿದರೆ 0.2 ವೋಲ್ಟ್ ಅಲ್ಲೇ ನಿಲ್ಲುತ್ತದೆ. ಹನ್ನೆರಡು ವೋಲ್ಟಿನ ದೀಪಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಡಬ್ಬಿ ಕಳಿಸಿದ 0.3 ವೋಲ್ಟಿನ ಸಂಕೇತ ಇ.ಸಿ.ಯು.ಗೆ 0.5 ಎಂದು ತೋರುತ್ತದೆ. ಪೆಟ್ರೋಲ್ ಹೆಚ್ಚಿಸಬೇಕಾದ ಅದು ಕಡಿಮೆ ಮಾಡುತ್ತದೆ! ಬೈಕು ಅದುರಿದಂತೆಲ್ಲ ರೋಧವೂ ಏರಿಳಿಯುವುದರಿಂದ ದೋಷ ಕಾಣಿಸಿಕೊಂಡು ಮರೆಯಾಗುತ್ತದೆ. ಮೆಕ್ಯಾನಿಕ್ ಎದುರಿಗೆ ಮಾತ್ರ ಬೈಕು ಬಲು ಸಾಧು.

ಆದ್ದರಿಂದ ಅರ್ತ್ ವೈರು ಬ್ಯಾಟರಿಯ ಋಣ ತುದಿಗೇ ನೇರವಾಗಿ, ಬಿಗಿಯಾಗಿ ಸೇರಬೇಕು. ಇಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಡಬ್ಬಿಯ ಅರ್ತ್ ವೈರಿಗೂ ಮುಟ್ಟಿಸಿದರೆ 0.1 ವೋಲ್ಟಿಗಿಂತ ಹೆಚ್ಚು ತೋರಬಾರದು. ಕನೆಕ್ಟರುಗಳು 'ಟಕ್' ಎಂದು ಕೂರಬೇಕು, ಒಳಗಿನ ರಬ್ಬರ್ ಸರಿಯಿರಬೇಕು. ಡಬ್ಬಿ ಇಂಜಿನ್ನಿನ ಬಿಸಿಗೂ ಇಗ್ನಿಷನ್ ಕಾಯಿಲಿಗೂ ದೂರವಿರಲಿ. ವೈರು ಕತ್ತರಿಸಿ, ತಿರುಚಿ, ಕಪ್ಪು ಟೇಪು ಸುತ್ತುವ ಕೆಲಸಕ್ಕೆ ಒಪ್ಪಲೇಬೇಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಾಮ್ರ ಹಸಿರುಗಟ್ಟುತ್ತದೆ. ಇಂಜೆಕ್ಟರಿನ ವೈರಿನಲ್ಲೇ ಅಂಥ ಗಂಟಿದ್ದು, ಬಸ್ಸನ್ನು ಹಿಂದಿಕ್ಕುವಾಗ ಅದು ಬಿಟ್ಟುಕೊಂಡರೆ ಇಂಜಿನ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ತಂದೆತಾಯಂದಿರು ಯೋಚಿಸಬೇಕಾದ್ದು ಇದನ್ನು.

ವಾರಂಟಿ ಹೋಗಬಹುದು ಎಂಬುದೂ, ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ. ಪೆಟ್ರೋಲ್ ಅತಿಯಾದರೆ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ಅದರ ಬೆಲೆ ಡಬ್ಬಿಯದ್ದಕ್ಕಿಂತ ಕಡಿಮೆಯೇನಲ್ಲ.

ಈಗಾಗಲೇ ಹಾಕಿಸಿದ್ದು, ಬೈಕು ತೊಂದರೆ ಕೊಡುತ್ತಿದ್ದರೆ ಡಬ್ಬಿ ತೆಗೆದು ಮೂಲ ಕನೆಕ್ಟರುಗಳನ್ನೇ ಸೇರಿಸಿ ಎರಡು ದಿನ ಓಡಿಸಿ ನೋಡಿ. ತೊಂದರೆ ಹಾಗೆಯೇ ಉಳಿದರೆ ಪ್ಲಗ್, ಫಿಲ್ಟರ್, ಬ್ಯಾಟರಿಗಳ ಕಡೆ ಗಮನ ಹರಿಸಬಹುದು.