ಪಿನ್‌ಬಾಲ್ ಪೆಟ್ಟಿಗೆ: ದೊಡ್ಡ ಟಿವಿ ಆಮೇಲೆ

ಮರದ ಪೆಟ್ಟಿಗೆ, ಅದರ ಮೇಲೆ ಅಂಗಾತ ಮಲಗಿಸಿದ ಟಿವಿ, ಎರಡೂ ಪಕ್ಕ ಗುಂಡಿ. ಮನೆಯಲ್ಲಿ ಕಟ್ಟಿಕೊಳ್ಳುವ ವರ್ಚುವಲ್ ಪಿನ್‌ಬಾಲ್ ಅಂದರೆ ಇಷ್ಟೇ. ಕಟ್ಟಲು ಹೊರಟವರು ಮೊದಲು ಕೇಳೋದು ಟಿವಿ ಎಷ್ಟು ಇಂಚು ಅಂತ. ನಾನು ಹೇಳೋದು, ದುಡ್ಡು ಮೊದಲು ಕೈಗೆ ತಾಕುವ ಸದ್ದಿಗೆ ಹೋಗಲಿ.

ಅಸಲಿ ಯಂತ್ರದಲ್ಲಿ ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಮರದ ಹಲಗೆ ಮೇಲೆ ಉರುಳುತ್ತೆ. ಆ ಉರುಳಾಟ ಕಿವಿಗೆ ಎಷ್ಟೋ ಅಂಗೈಗೂ ಅಷ್ಟೇ. ಅದೇ ಸದ್ದು ಟಿವಿ ಸ್ಪೀಕರಿನಿಂದ ಬಂದರೆ ಆಟ ಆಡಿದ ಹಾಗಲ್ಲ, ಆಟ ನೋಡಿದ ಹಾಗೆ.

ಇದಕ್ಕೆ ಮದ್ದು ಎಕ್ಸೈಟರ್. ಕೋನ್ ಇಲ್ಲದ ಸ್ಪೀಕರ್ ಅನ್ನಿ. ಪೆಟ್ಟಿಗೆಯ ಒಳಬದಿಗೆ ಅಂಟಿಸಿದರೆ ಪ್ಲೈವುಡ್ಡೇ ನಡುಗಿ ಸದ್ದು ಮಾಡುತ್ತೆ. ನಾಲ್ಕು ಸಾಕು: ಕೈ ಇಡುವ ಕಡೆ ಎರಡು, ಆಚೆ ತುದಿಗೆ ಎರಡು. ತಳಕ್ಕೊಂದು ಬಾಸ್ ಶೇಕರ್. ವಿಷುವಲ್ ಪಿನ್‌ಬಾಲ್ ಎಕ್ಸ್‌ನಲ್ಲಿ ಹಲಗೆಯ ಸದ್ದಿಗೆ ಒಂದು ಸೌಂಡ್ ಕಾರ್ಡ್, ಸಂಗೀತಕ್ಕೆ ಇನ್ನೊಂದು ಅಂತ ಬೇರೆ ಮಾಡಬಹುದು. ಹಲಗೆಗೆ ಮದರ್‌ಬೋರ್ಡಿನ 7.1 ಕೊಡಿ, ಸಂಗೀತಕ್ಕೆ ಅಗ್ಗದ ಯುಎಸ್‌ಬಿ ಕಾರ್ಡ್ ಧಾರಾಳ ಆಯ್ತು. ಆಮೇಲೆ ಒಂದೊಂದೇ ಚಾನೆಲ್ ಪರೀಕ್ಷಿಸಿ. ಗುಂಡು ಎಡಕ್ಕಿದ್ದು ಬಲಗೈ ನಡುಗಿದರೆ ಮಜಾ ಅಲ್ಲೇ ಮುಗೀತು. ಎಲ್ಲ ಸರಿಯಿದ್ದರೆ ಆಚೆ ತುದಿಯ ಬಂಪರಿನ ಬಡಿತ ಆಚೆಯಿಂದಲೇ ಕೇಳುತ್ತೆ, ಗುಂಡು ಇಳಿದು ಬರುವಾಗ ನಡುಕವೂ ನಿಮ್ಮ ಕಡೆ ಹರಿದು ಬರುತ್ತೆ. (ಹಳೆಯ ಟೇಬಲ್‌ಗಳ ಸ್ಕ್ರಿಪ್ಟಿನಲ್ಲಿ ಈ ಏರ್ಪಾಡು ಇಲ್ಲದಿರಬಹುದು, ಹೊಸ ಆವೃತ್ತಿ ಹುಡುಕಿ.)

'ಇದೆಲ್ಲ ನಕಲಿ, ನಿಜವಾದ ಸೊಲೆನಾಯ್ಡ್ ಹಾಕಿ' ಅನ್ನುವವರಿದ್ದಾರೆ. ಫ್ಲಿಪ್ಪರಿನ ಗುದ್ದು ಸೊಲೆನಾಯ್ಡಿನಷ್ಟು ಎಕ್ಸೈಟರ್‌ಗೆ ಬರೋದಿಲ್ಲ, ಒಪ್ಪಿದೆ. ಆದರೆ ಸೊಲೆನಾಯ್ಡ್ ಬಡಿಯಬಲ್ಲದು ಅಷ್ಟೇ, ಗುಂಡು ಉರುಳಿಸಲಾರದು. ಅದೂ ಅಲ್ಲದೆ ಮುಂಬೈ, ಪುಣೆಯ ಫ್ಲ್ಯಾಟಿನಲ್ಲಿ ನಮ್ಮ ನೆಲವೇ ಇನ್ನೊಬ್ಬರ ಸೂರು. ಬ್ಯಾಂಕಿನಿಂದ ಬಂದು ಊಟ ಮುಗಿಸಿ ಆಟಕ್ಕೆ ನಿಲ್ಲುವ ಹೊತ್ತಿಗೆ ರಾತ್ರಿ ಹತ್ತು. ಸೊಲೆನಾಯ್ಡನ್ನು ಪೂರ್ತಿ ಬಂದ್ ಮಾಡಬಹುದು, ಆಗ ಕೈಗೆ ಸಿಗೋದು ಸೊನ್ನೆ. ಎಕ್ಸೈಟರ್ ಆದರೆ ಆಂಪ್ಲಿಫೈಯರ್ ಗುಂಡಿ ಕಾಲು ಸುತ್ತು ತಿರುಗಿಸಿದರಾಯ್ತು, ಮರ ಮೆಲ್ಲಗೆ ಪಿಸುಗುಡುತ್ತಲೇ ಇರುತ್ತೆ.

ಬಾಸ್ ಶೇಕರ್ ಮಾತ್ರ ರಾತ್ರಿ ಬೇಡ. ಪೆಟ್ಟಿಗೆ ಕಾಲಿಗೆ ದಪ್ಪ ರಬ್ಬರ್ ಕೊಟ್ಟರೂ ಅದರ ಗುಡುಗು ಕೆಳಗಿನ ಮನೆಗೆ ಇಳಿಯುತ್ತೆ. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.