ನಂಗೇನೂ ತೊಂದ್ರೆ ಇಲ್ಲ, ಜನ ಒಪ್ಪಬೇಕಲ್ಲ...

ಈ ವಿಷಯ ಬರೆಯೋದು ಬೇಡ ಅಂತ ಸುಮಾರು ದಿನದಿಂದ ತಡೆದುಕೊಂಡಿದ್ದೆ. ಆದರೆ ಹೋದ ಶನಿವಾರ ಗೆಳತಿಯ ಮನೆಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡ್ಕೊಂಡು ನಿಂತಿದ್ದಾಗ ಪರಿಚಯದವರೊಬ್ಬರು ತಣ್ಣಗೆ ಒಂದು ಮಾತು ಹೇಳಿದರು. "ಡೆಮಾಕ್ರಟ್ಸ್ ಇನ್ನೊಂದು ಸಲ ಹೆಂಗಸನ್ನ ನಿಲ್ಲಿಸಿದ್ರೆ ಮುಗೀತು ಕಥೆ. ನಂಗೇನೂ ತೊಂದ್ರೆ ಇಲ್ಲಪ್ಪ, ಈ ದೇಶದ ಜನ ಒಪ್ಪಲ್ಲ ಅಷ್ಟೆ." ಸುತ್ತ ಇದ್ದ ಏಳೆಂಟು ಜನ ಹೌದೌದು ಅಂತ ತಲೆಯಾಡಿಸಿದರು. ಒಬ್ಬರೂ "ನಾನು ಒಪ್ಪಲ್ಲ" ಅನ್ನಲಿಲ್ಲ ನೋಡಿ. ಅಲ್ಲಿದ್ದವರೆಲ್ಲ ಒಪ್ಪುವವರೇ! ಒಪ್ಪದವರು ಬೇರೆಲ್ಲೋ ಇದ್ದಾರೆ, ಓಹಾಯೋದಲ್ಲೋ ಪೆನ್ಸಿಲ್ವೇನಿಯಾದಲ್ಲೋ.

ಈ ಮಾತು ನನಗೆ ಹೊಸದಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ (ಹೆಸರು ಬೇಡ ಬಿಡಿ) ಆನ್‌ಸೈಟ್ ಲೀಡ್ ಕೆಲಸಕ್ಕೆ ನನ್ನ ಸರದಿ ಬಂದಾಗ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದು, ಕುರ್ಚಿ ತೋರಿಸಿ, ಕಾಫಿ ತರಿಸಿ ಹೇಳಿದ್ದೂ ಇದನ್ನೇ. "ನಂಗೇನೂ ಅಭ್ಯಂತರ ಇಲ್ಲಮ್ಮ. ಕ್ಲೈಂಟ್ ಒಪ್ಪಬೇಕಲ್ಲ." ಕ್ಲೈಂಟನ್ನ ಯಾರೂ ಕೇಳಿರಲಿಲ್ಲ. ನನ್ನ ಜೂನಿಯರ್ ಹುಡುಗ ಹೋದ. ಆ ಕಾಫಿಯ ರುಚಿ ಇವತ್ತಿಗೂ ನೆನಪಿದೆ ನನಗೆ, ಸಕ್ಕರೆ ಜಾಸ್ತಿಯಾಗಿತ್ತು.

ಊರಲ್ಲಿರುವ ಗೆಳೆಯರಿಗೆ ಪ್ರೈಮರಿ ಅಂದ್ರೆ ಏನು ಅಂತ ಹೀಗೆ ಹೇಳಬಹುದು. ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಯಾವ ಕ್ಷೇತ್ರದಲ್ಲಿ ಯಾವ ಜಾತಿ ಎಷ್ಟು, ಯಾರು "ಗೆಲ್ಲೋ ಕುದುರೆ" ಅಂತ ಲೆಕ್ಕ ಹಾಕಿ ದೆಹಲಿಯಿಂದ ಪಟ್ಟಿ ಬರುತ್ತೆ. ಇಲ್ಲಿ ಆ ಕೆಲಸ ಪಕ್ಷದ ಸಾಮಾನ್ಯ ಮತದಾರರದ್ದು. ಕೇಳೋಕೆ ಎಷ್ಟು ಚೆಂದ ಅಲ್ವಾ? ಹೈಕಮಾಂಡೇ ಇಲ್ಲ! ಆದರೆ ಆಗೋದೇನು ಅಂದ್ರೆ, ಪ್ರೈಮರಿ ದಿನ ಪ್ರತಿಯೊಬ್ಬ ಮತದಾರನೂ ತಾನೇ ಒಂದು ಪುಟ್ಟ ಹೈಕಮಾಂಡ್ ಆಗಿಬಿಡ್ತಾನೆ. ತನಗೆ ಯಾರು ಬೇಕು ಅಂತ ನೋಡೋಲ್ಲ, ಪಕ್ಕದ ಮನೆಯವನಿಗೆ ಯಾರು ಬೇಡ ಅಂತ ನೋಡ್ತಾನೆ. ಇದಕ್ಕೆ ಇಲ್ಲಿ 'ಎಲೆಕ್ಟಬಿಲಿಟಿ' ಅಂತ ಒಂದು ಮರ್ಯಾದಸ್ಥ ಹೆಸರಿದೆ.

2008ರ ಪ್ರೈಮರಿ ನಡೆದಾಗ ನಾನಿನ್ನೂ ಎಚ್-1 ವೀಸಾದಲ್ಲಿದ್ದೆ, ಓಟಿರಲಿಲ್ಲ. ಬಾಯಿ ಮಾತ್ರ ಇತ್ತು. ಒಬಾಮಾ-ಹಿಲರಿ ಜಗಳ ನಮ್ಮ ಕನ್ನಡದವರ ಊಟದ ಸಾಲಿನಲ್ಲೂ ನಡೀತಿತ್ತು. ಆಗ ಎಲ್ಲರ ಬಾಯಲ್ಲೂ ಇದ್ದ ತೀರ್ಪು ಒಂದೇ: "ಕರಿಯರು ಬಣ್ಣ ನೋಡಿ ಒಬಾಮಾಗೆ ಹಾಕ್ತಾರೆ, ಹೆಂಗಸರು ಹೆಂಗಸು ಅಂತ ಹಿಲರಿಗೆ ಹಾಕ್ತಾರೆ." ಸರಿ, ಹಾಗಾದ್ರೆ ಬಿಳಿ ಗಂಡಸರು ಏನು ನೋಡಿ ಹಾಕ್ತಾರೆ? ಅವರು 'ಇಶ್ಯೂಸ್' ನೋಡಿ ಹಾಕ್ತಾರಂತೆ! ಬಣ್ಣ ಇರೋದು ಕಪ್ಪು ಜನಕ್ಕೆ ಮಾತ್ರ, ಲಿಂಗ ಇರೋದು ಹೆಂಗಸರಿಗೆ ಮಾತ್ರ. ಉಳಿದವರು ಬರೀ ಮತದಾರರು.

ಈ ತೀರ್ಪು ಎಷ್ಟು ಸುಳ್ಳು ಅಂತ ಸ್ವಲ್ಪ ನೋಡೋಣ. 2007ರಲ್ಲಿ ಎಷ್ಟೋ ಸಮೀಕ್ಷೆಗಳಲ್ಲಿ ಕಪ್ಪು ಮತದಾರರ ನಡುವೆ ಹಿಲರಿಯೇ ಮುಂದಿದ್ದರು ಅಥವಾ ಸಮಸಮ ಇದ್ದರು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ತಲೆ ಒಡೆಸಿಕೊಂಡ ಜಾನ್ ಲೂಯಿಸ್ ಅಂಥವರೇ ಮೊದಲು ನಿಂತಿದ್ದು ಹಿಲರಿ ಪರ. ಅಲ್ಲಿಗೆ ನಾಲ್ಕು ವರ್ಷ ಹಿಂದೆ, 2004ರಲ್ಲಿ, ಅಲ್ ಶಾರ್ಪ್ಟನ್ ಎಂಬ ಕಪ್ಪು ನಾಯಕ ಸೌತ್ ಕೆರೊಲಿನಾದಲ್ಲಿ ನಿಂತಿದ್ದರು. ಕಪ್ಪು ಜನರ ಬಹುಪಾಲು ಓಟು ಹೋಗಿದ್ದು ಎಡ್ವರ್ಡ್ಸ್ ಮತ್ತು ಕೆರ್ರಿ ಎಂಬಿಬ್ಬರು ಬಿಳಿ ಗಂಡಸರಿಗೆ. 1984ರಲ್ಲಿ, 1988ರಲ್ಲಿ ಜೆಸ್ಸಿ ಜಾಕ್ಸನ್‌ಗೆ ರಾಶಿ ರಾಶಿ ಹಾಕಿದ್ದೂ ಉಂಟು, ಇಲ್ಲ ಅನ್ನೋಲ್ಲ. ಆದರೆ ಬರೀ ಬಣ್ಣವೇ ಆಗಿದ್ರೆ ಶಾರ್ಪ್ಟನ್ ಏನು ಪಾಪ ಮಾಡಿದ್ದರು?

ಮತ್ತೆ 2008ರಲ್ಲಿ ಬದಲಾದದ್ದೇನು? ಜನವರಿ 3ರಂದು ಅಯೋವಾ ಕಾಕಸ್. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರಿರುವ, ಜೋಳ ಹಂದಿ ಬೆಳೆಸುವ ರಾಜ್ಯ. ಒಬಾಮಾ 38, ಎಡ್ವರ್ಡ್ಸ್ 30, ಹಿಲರಿ 29. ಬಿಳಿಯರು ಹಾಕ್ತಾರೆ ಅಂತ ಕಣ್ಣಾರೆ ಕಂಡ ಮೇಲೆ ಸೌತ್ ಕೆರೊಲಿನಾದ ಕಪ್ಪು ಜನ ಆಚೆಯಿಂದ ಈಚೆಗೆ ಬಂದರು. ಜನವರಿ 26ರಂದು ಅಲ್ಲಿ ಒಬಾಮಾಗೆ 55, ಹಿಲರಿಗೆ 27. ಜಾನ್ ಲೂಯಿಸ್ ಕೂಡ ಫೆಬ್ರವರಿಯಲ್ಲಿ ಪಕ್ಷ, ಅಲ್ಲಲ್ಲ, ಪಾಳಯ ಬದಲಿಸಿದರು. ಅಂದ್ರೆ ಅಷ್ಟು ದಿನ ಅವರು ಹಿಲರಿ ಕಡೆ ಇದ್ದದ್ದರಲ್ಲಿ ದೊಡ್ಡ ಪಾಲು "ಬಿಳಿಯರು ನಮ್ಮವನಿಗೆ ಹಾಕೋಲ್ಲ" ಅನ್ನೋ ಅಂದಾಜು. ತಮ್ಮ ಬಣ್ಣ ನೋಡಿ ಓಟು ಹಾಕ್ತಾರೆ ಅಂತ ಬೈಸಿಕೊಂಡ ಜನ ಪಾಪ ಬೇರೆಯವರ ಬಣ್ಣದ ಲೆಕ್ಕ ಹಾಕ್ತಾ ಕೂತಿದ್ದರು.

ಹೆಂಗಸರ ಕಥೆಯೂ ಅಷ್ಟೇ. ಅಯೋವಾದಲ್ಲಿ ಹೆಂಗಸರಲ್ಲಿ ಮುಂದಿದ್ದದ್ದು ಒಬಾಮಾ! ಐದೇ ದಿನಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೆಂಗಸರು ಹಿಲರಿಯನ್ನ ಗೆಲ್ಲಿಸಿದರು. ಮಧ್ಯೆ ಏನಾಯ್ತು? ಜನವರಿ 7ರಂದು ಹಿಲರಿ ಸಭೆಯಲ್ಲಿ ಇಬ್ಬರು ಎದ್ದು ನಿಂತು "ನನ್ನ ಶರ್ಟ್ ಇಸ್ತ್ರಿ ಮಾಡು" ಅಂತ ಕೂಗಿದರು. ಅದೇ ದಿನ ಒಂದು ಕಾಫಿ ಅಂಗಡಿಯಲ್ಲಿ ಮಾತಾಡ್ತಾ ಅವರ ಕಣ್ಣು ತುಂಬಿಕೊಂಡಿತು, ಟಿವಿಯವರು ಅದನ್ನ ಅಳು ನಿಜವೋ ನಾಟಕವೋ ಅಂತ ದಿನವಿಡೀ ಜಾಲಾಡಿದರು. ಅಷ್ಟಕ್ಕೇ ಗೆದ್ದರು ಅಂತ ನಾನು ಹೇಳೋಲ್ಲ, ಆದರೆ ಸಮೀಕ್ಷೆಗಳೆಲ್ಲ ತಲೆಕೆಳಗಾದವು. ಮತ್ತೆ 2016ರಲ್ಲಿ ಅದೇ ನ್ಯೂ ಹ್ಯಾಂಪ್‌ಶೈರ್‌ನ ಹೆಂಗಸರು ಹಿಲರಿಯನ್ನ ಬಿಟ್ಟು ಬರ್ನಿ ಸ್ಯಾಂಡರ್ಸ್‌ಗೆ ಹಾಕಿದರು. ಹೆಂಗಸಿಗೆ ಸಹಾಯ ಮಾಡದ ಹೆಂಗಸರಿಗೆ ನರಕದಲ್ಲಿ ವಿಶೇಷ ಜಾಗ ಇದೆ ಅಂತ ಮ್ಯಾಡಲಿನ್ ಆಲ್‌ಬ್ರೈಟ್ ಹೆದರಿಸಿದರೂ ಕೇಳಲಿಲ್ಲ.

ಇನ್ನು ಬಣ್ಣ ನೋಡಿಯೇ ಓಟು ಹಾಕಿದವರು ಇರಲಿಲ್ಲವೇ ಅಂದ್ರೆ, ಇದ್ದರು. 2008ರ ಮೇ 13ರಂದು ವೆಸ್ಟ್ ವರ್ಜೀನಿಯಾದಲ್ಲಿ ಹಿಲರಿ 41 ಅಂಕಗಳ ಅಂತರದಲ್ಲಿ ಗೆದ್ದರು. ಓಟು ಹಾಕಿ ಹೊರಬಂದ ಬಿಳಿಯರಲ್ಲಿ ಹತ್ತಕ್ಕೆ ಇಬ್ಬರು ಜನಾಂಗವೂ ನನ್ನ ತೀರ್ಮಾನದಲ್ಲಿತ್ತು ಅಂತ ಬಾಯಿಬಿಟ್ಟೇ ಹೇಳಿದ್ದರು, ಅವರಲ್ಲಿ ಹೆಚ್ಚಿನವರು ಹಾಕಿದ್ದು ಹಿಲರಿಗೆ. ಅದಕ್ಕೆ ಕೆಲವು ದಿನ ಮೊದಲು ಹಿಲರಿಯೇ ಒಂದು ಸಂದರ್ಶನದಲ್ಲಿ, ಕಷ್ಟಪಟ್ಟು ದುಡಿಯುವ ಬಿಳಿ ಅಮೆರಿಕನ್ನರು ಒಬಾಮಾನಿಂದ ದೂರ ಸರೀತಿದ್ದಾರೆ ಅನ್ನೋ ಅರ್ಥದ ಮಾತಾಡಿದ್ದರು. ನಾನು ಹಿಲರಿಯನ್ನ ಮೆಚ್ಚುವವಳು. ಆದರೂ ಅವತ್ತು ಟಿವಿ ಆರಿಸಿದೆ. 1984ರಲ್ಲಿ ದೊಡ್ಡ ಪಕ್ಷವೊಂದರಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಹೆಂಗಸು ಜೆರಾಲ್ಡೀನ್ ಫೆರಾರೋ ಅಂತೂ, ಒಬಾಮಾ ಬಿಳಿಯನಾಗಿದ್ರೆ ಈ ಜಾಗದಲ್ಲಿ ಇರ್ತಿರಲಿಲ್ಲ ಅಂತ 2008ರ ಮಾರ್ಚಿನಲ್ಲಿ ಹೇಳಿ ಹಿಲರಿ ಪ್ರಚಾರ ಸಮಿತಿಯ ಹುದ್ದೆ ಬಿಡಬೇಕಾಯ್ತು. ಕಪ್ಪು ಚರ್ಮ ಅಮೆರಿಕದಲ್ಲಿ ಲಾಟರಿ ಟಿಕೆಟ್ ಅಂತೆ!

'ಬಣ್ಣ ದೊಡ್ಡ ಅಡ್ಡಿಯೋ, ಹೆಣ್ಣಾಗಿರೋದು ದೊಡ್ಡ ಅಡ್ಡಿಯೋ' ಅಂತ ಆ ವರ್ಷ ಪಂಡಿತರೆಲ್ಲ ಕಿತ್ತಾಡುತ್ತಿದ್ದಾಗ ನನಗೆ ಶರ್ಲಿ ಚಿಸಮ್ ನೆನಪಾಗ್ತಿದ್ದರು. ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪು ಹೆಂಗಸು (1968ರಲ್ಲಿ). 1972ರಲ್ಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅಧ್ಯಕ್ಷ ಪದವಿಗೆ ನಿಂತರು. ಕಪ್ಪು ನಾಯಕರಲ್ಲಿ ಹಲವರು ಬೆನ್ನು ತೋರಿಸಿದರು, ಬಿಳಿ ಸ್ತ್ರೀವಾದಿಗಳಲ್ಲಿ ಹಲವರು ಹೊಗಳಿ ಹೊಗಳಿ ಮೆಕ್‌ಗವರ್ನ್ ಕಡೆ ಹೋದರು. ಎರಡೂ ಕಡೆಯ ಕಾರಣ ಒಂದೇ, ಈಕೆ ಗೆಲ್ಲೋಲ್ಲ. ಮಯಾಮಿ ಬೀಚಿನ ಅಧಿವೇಶನದಲ್ಲಿ ಅವರಿಗೆ ಸಿಕ್ಕಿದ್ದು 152 ಪ್ರತಿನಿಧಿಗಳ ಓಟು. 'ಗೆಲ್ಲೋ ಕುದುರೆ' ಅಂತ ಆರಿಸಿದ ಮೆಕ್‌ಗವರ್ನ್ ಏನಾದರು ಗೊತ್ತಾ? ಐವತ್ತು ರಾಜ್ಯಗಳಲ್ಲಿ ಒಂದೇ ಒಂದು ಗೆದ್ದರು. ಮ್ಯಾಸಚೂಸೆಟ್ಸ್, ನಾನಿರುವ ರಾಜ್ಯ. (ಜೊತೆಗೆ ರಾಜಧಾನಿ ವಾಷಿಂಗ್ಟನ್, ಸಮಾಧಾನಕ್ಕೆ.)

ಈಗ ನನ್ನ ವಿಷಯಕ್ಕೆ ಬರ್ತೀನಿ. ಇಷ್ಟು ಹೊತ್ತು ಬೇರೆಯವರನ್ನ ಬೈದದ್ದಾಯ್ತಲ್ಲ.

2020ರ ಪ್ರೈಮರಿ ಹೊತ್ತಿಗೆ ನನಗೆ ಓಟಿತ್ತು. ಆ ಸಲ ಡೆಮಾಕ್ರಟ್ಸ್ ಕಣದಲ್ಲಿ ಆರು ಹೆಂಗಸರಿದ್ದರು. ಚೆನ್ನೈ ತಾಯಿಯ ಮಗಳು ಕಮಲಾ ಹ್ಯಾರಿಸ್ 2019ರ ಡಿಸೆಂಬರಿನಲ್ಲೇ, ಒಂದು ಓಟೂ ಬೀಳೋ ಮೊದಲೇ, ಹೊರಗೆ ಹೋದರು. ಜನವರಿಯ ಚರ್ಚೆಯಲ್ಲಿ ನಮ್ಮ ರಾಜ್ಯದ ಸೆನೆಟರ್ ಎಲಿಜಬೆತ್ ವಾರೆನ್ ಒಂದು ಲೆಕ್ಕ ಕೊಟ್ಟರು: ಈ ವೇದಿಕೆ ಮೇಲಿರುವ ಗಂಡಸರೆಲ್ಲ ಸೇರಿ ಹತ್ತು ಚುನಾವಣೆ ಸೋತಿದ್ದಾರೆ, ನಿಂತ ಪ್ರತಿಯೊಂದನ್ನೂ ಗೆದ್ದವರು ನಾವಿಬ್ಬರು ಹೆಂಗಸರು ಮಾತ್ರ. (ಇನ್ನೊಬ್ಬರು ಏಮಿ ಕ್ಲೋಬುಚಾರ್.) ನಾನು ಸೋಫಾದ ಮೇಲೆ ಚಪ್ಪಾಳೆ ಹೊಡೆದೆ. ವಾರೆನ್ ನನಗೆ ಇಷ್ಟ. ಅವರ ಯೋಜನೆಗಳನ್ನ ಪ್ರಿಂಟ್ ತೆಗೆದು ಓದಿದ್ದೆ.

ಮಾರ್ಚ್ 3, ಮಂಗಳವಾರ. ಆಫೀಸಿಗೆ ಹೋಗೋ ಮೊದಲು ಸ್ಕೂಲಿನ ಆಟದ ಹಾಲಿನಲ್ಲಿ ಸಾಲು ನಿಂತೆ. ಕಾಗದದ ಮತಪತ್ರ, ಪೆನ್ನಿನಲ್ಲಿ ಮೊಟ್ಟೆಯಾಕಾರ ತುಂಬಬೇಕು. ಹಿಂದಿನ ಎರಡು ದಿನದಲ್ಲಿ ಹಿಂದೆ ಸರಿದ ಬುಟಿಜೆಜ್, ಕ್ಲೋಬುಚಾರ್ ಹೆಸರುಗಳೂ ಇನ್ನೂ ಅದರಲ್ಲಿ ಕೂತಿದ್ದವು. ಪೆನ್ನು ವಾರೆನ್ ಹೆಸರಿನ ಹತ್ತಿರ ಹೋಯ್ತು, ನಿಂತಿತು. ನನ್ನ ತಲೆಯಲ್ಲಿ ಬಂದದ್ದು ನಮ್ಮ ಪಕ್ಕದ ಮನೆ ಅಜ್ಜ. ಎಪ್ಪತ್ತೈದು ದಾಟಿದ ಐರಿಷ್ ಮೂಲದವರು, ಯೂನಿಯನ್ ಟೋಪಿ ಹಾಕ್ಕೊಂಡು ಹಿಮ ಸರಿಸುವವರು. ಇವರಂಥವರು ಹೆಂಗಸಿಗೆ ಹಾಕ್ತಾರಾ? 2016ರಲ್ಲಿ ನೋಡಿದ್ವಲ್ಲ. ನಂಗೇನೂ ತೊಂದ್ರೆ ಇಲ್ಲ, ಆದರೆ... ಬೈಡನ್ ಹೆಸರಿನ ಮುಂದೆ ಮೊಟ್ಟೆ ತುಂಬಿ ಬಂದೆ.

ರಾತ್ರಿ ಫಲಿತಾಂಶ ಬಂತು. ಬೈಡನ್ 33, ಸ್ಯಾಂಡರ್ಸ್ 27, ವಾರೆನ್ 21. ತನ್ನ ಸ್ವಂತ ರಾಜ್ಯದಲ್ಲಿ ಮೂರನೇ ಸ್ಥಾನ. ಎರಡು ದಿನಕ್ಕೆ ಹಿಂದೆ ಸರಿದರು. ಎರಡು ವಾರ ಬಿಟ್ಟು, ಕೋವಿಡ್ ಲಾಕ್‌ಡೌನಿನಲ್ಲಿ ಬೇಲಿಯ ಆಚೆ ಈಚೆ ನಿಂತು ಮಾತಾಡುವಾಗ ಪಕ್ಕದ ಮನೆ ಅಜ್ಜ ಹೇಳಿದರು, ನಾನು ವಾರೆನ್‌ಗೆ ಹಾಕಿದೆ, ಬ್ಯಾಂಕಿನವರಿಗೆ ಬುದ್ಧಿ ಹೇಳುವವಳು ಅವಳೊಬ್ಬಳೇ ಅಂತ. ನೀನು? ಅಂತ ಕೇಳಿದರು. ನಾನು ಗುಲಾಬಿ ಗಿಡದ ವಿಷಯ ತೆಗೆದೆ.

ಬೈಡನ್ ಗೆದ್ದರಲ್ಲ, ನಿನ್ನ ಲೆಕ್ಕ ಸರಿಯಾಯ್ತಲ್ಲ ಅಂತ ನೀವು ಹೇಳಬಹುದು. ನನ್ನ ಗಂಡನೂ ಹೇಳಿದರು. ಇರಬಹುದು. ಆದರೆ 2016ರಲ್ಲಿ "ಗೆಲ್ಲದ ಹೆಂಗಸು" ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಓಟು ತಗೊಂಡೇ ಸೋತಿದ್ದು, ಎಲೆಕ್ಟೊರಲ್ ಕಾಲೇಜಿನ ಲೆಕ್ಕದಲ್ಲಿ. ಸೋತ ಗಂಡಸರ ಪಟ್ಟಿ ಮಾರುದ್ದ ಇದೆ: ಡುಕಾಕಿಸ್, ಗೋರ್, ಕೆರ್ರಿ, ಮೆಕೇನ್, ರಾಮ್ನಿ. ಇವರು ಸೋತಾಗ "ಅಯ್ಯೋ, ಇನ್ನು ಗಂಡಸರನ್ನ ನಿಲ್ಲಿಸೋದು ಬೇಡ" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಗಂಡಸು ಸೋತರೆ ಅವನೊಬ್ಬ ಸೋತ. ಹೆಂಗಸು ಸೋತರೆ ಕುಲವೇ ಸೋತಿತು.

ಹೋಗಲಿ, ಗೆಲ್ಲೋ ಲೆಕ್ಕ ಹೆಂಗಸಿನ ಕಡೆಗೇ ಇದ್ದಾಗ ಏನಾಗುತ್ತೆ? ರಿಪಬ್ಲಿಕನ್ ಕಡೆ ನಿಕ್ಕಿ ಹೇಲಿ, ಪಂಜಾಬಿ ಮನೆತನದ ಹೆಣ್ಣುಮಗಳು. ಅನೇಕ ಸಮೀಕ್ಷೆಗಳಲ್ಲಿ ಬೈಡನ್ ಎದುರು ಟ್ರಂಪ್‌ಗಿಂತ ಈಕೆಯ ಅಂತರವೇ ದೊಡ್ಡದಿತ್ತು. ಆ ಪಕ್ಷದವರಿಗೆ ಆಗ ಎಲೆಕ್ಟಬಿಲಿಟಿ ನೆನಪೇ ಆಗಲಿಲ್ಲ! ಟ್ರಂಪ್ 2024ರ ಜನವರಿಯಲ್ಲಿ ಆಕೆಯ ಹುಟ್ಟುಹೆಸರನ್ನ ಬೇಕೆಂದೇ ಎಡವಟ್ಟಾಗಿ ಬರೆದು ಇವಳು ಹೊರಗಿನವಳು ಅಂತ ಸೂಚನೆ ಕೊಟ್ಟರು, ಆಮೇಲೆ ಆಕೆ ಗವರ್ನರ್ ಆಗಿದ್ದ ಸೌತ್ ಕೆರೊಲಿನಾದಲ್ಲೇ ಆಕೆ ಸೋತರು. ವಿವೇಕ್ ರಾಮಸ್ವಾಮಿಗೆ ಆನ್ ಕೌಲ್ಟರ್ ಅವರದೇ ಪಾಡ್‌ಕಾಸ್ಟಿನಲ್ಲಿ ಮುಖಕ್ಕೆ ಹೇಳಿದ್ದಂತೂ ಕೇಳಿರ್ತೀರಿ: ನಿನ್ನ ಎಷ್ಟೋ ಮಾತು ಒಪ್ತೀನಿ, ಆದರೂ ಓಟು ಹಾಕ್ತಿರಲಿಲ್ಲ, ಯಾಕಂದ್ರೆ ನೀನು ಇಂಡಿಯನ್. ನಿಜ ಹೇಳ್ತೀನಿ, ನನಗೆ ಆಕೆಯ ಮೇಲೆ ಬಂದ ಸಿಟ್ಟಿಗಿಂತ ಬಿಸಿಬೇಳೆಬಾತಿನ ತಟ್ಟೆಯವರ ಮೇಲೆ ಬಂದ ಸಿಟ್ಟು ಹೆಚ್ಚು. ಆಕೆ ಕನಿಷ್ಠ "ನಾನು" ಅಂತ ಶುರುಮಾಡಿದಳು.

ದ್ವೇಷದಿಂದ ಓಟು ಹಾಕುವವರು ಇದ್ದಾರೆ, ವೆಸ್ಟ್ ವರ್ಜೀನಿಯಾದಲ್ಲಿ ನೋಡಿದ್ವಿ. ಆದರೆ ಅವರದ್ದು ತಲೆಗೆ ಒಂದೇ ಓಟು. ಅವರ ಪರವಾಗಿ ಎರಡನೇ ಓಟು ಹಾಕಿ ಬರುವವರು ನಾವು. ಅವರು ಕೇಳಿಯೂ ಇರೋಲ್ಲ! 2025ರ ನವೆಂಬರಿನಲ್ಲಿ ಮಿಶೆಲ್ ಒಬಾಮಾ ಕೂಡ ಈ ದೇಶ ಹೆಂಗಸನ್ನ ಅಧ್ಯಕ್ಷೆ ಮಾಡಲು ತಯಾರಿಲ್ಲ ಅಂದರು. ಅಯೋವಾದ ಬಿಳಿ ರೈತರು ತನ್ನ ಗಂಡನಿಗೆ ಓಟು ಹಾಕ್ತಾರೋ ಇಲ್ಲವೋ ಅಂತ ಇಡೀ ದೇಶ ಅನುಮಾನಿಸಿದ್ದನ್ನ ಕಂಡ ಹೆಂಗಸು! ಬೇಜಾರಾಯ್ತು.

ಊರಿನಲ್ಲಿ ಕೂತು "ಅಮೆರಿಕದವರೂ ಇಷ್ಟೇನಾ" ಅಂತ ನಗುವ ಗೆಳೆಯರೇ, ಕರ್ನಾಟಕಕ್ಕೆ ಇದುವರೆಗೆ ಒಬ್ಬ ಮಹಿಳಾ ಮುಖ್ಯಮಂತ್ರಿಯೂ ಆಗಿಲ್ಲ. ಅಲ್ಲೂ ಯಾರಿಗೂ ಏನೂ ತೊಂದ್ರೆ ಇಲ್ಲ, ಕ್ಷೇತ್ರದ ಜನ ಒಪ್ಪಬೇಕಲ್ಲ.

2028ರ ಪ್ರೈಮರಿಗೆ ನನ್ನ ಮಗಳಿಗೂ ಹದಿನೆಂಟು ತುಂಬಿರುತ್ತೆ. ಮೊನ್ನೆ ಊಟದಿಂದ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು, "ಅಮ್ಮ, 2020ರಲ್ಲಿ ನೀನು ವಾರೆನ್‌ಗೆ ತಾನೇ ಹಾಕಿದ್ದು? ಮನೇಲೆಲ್ಲ ಅವಳ ಪೇಪರ್ ಇತ್ತು." ಇಲ್ಲ ಅಂದೆ. ಯಾಕೆ ಅಂದಳು. ಪಕ್ಕದ ಮನೆ ತಾತ ಹಾಕಲ್ಲ ಅಂದ್ಕೊಂಡೆ ಅಂದೆ. ಅವಳು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿ, ಆಮೇಲೆ ಇಯರ್‌ಫೋನ್ ಹಾಕ್ಕೊಂಡಳು.